ಆಪದ್ಧರ್ಮವೂ ಯಥಾಶಕ್ತಿನ್ಯಾಯವೂ

ನಮ್ಮ ನಾಡಿನ ಮನೆಗಳಲ್ಲಿ ನಡೆಯುವ ದೇವತಾರ್ಚನೆಯ ಆದಿಯಲ್ಲಿ ಸಂಕಲ್ಪವೆಂಬುದೊಂದು ಉಂಟು. ಕರ್ತೃವು ದೇಶಕಾಲಗಳನ್ನು ಸ್ಮರಿಸಿ, ಗೋತ್ರನಾಮಗಳನ್ನು ಹೇಳಿಕೊಂಡು, ತಾನು ಮಾಡಲಿರುವ ಕರ್ಮವನ್ನು ಹೆಸರಿಸುವಾಗ ಅದರೊಡನೆ 'ಯಥಾಶಕ್ತಿ' ಎಂಬ ಒಂದು ಮಾತನ್ನು ಸೇರಿಸುತ್ತಾನೆ. ಪೂಜೆ ಮುಗಿದ ಮೇಲೆ ಮಂತ್ರದಲ್ಲಿಯೂ ಕ್ರಿಯೆಯಲ್ಲಿಯೂ ಭಕ್ತಿಯಲ್ಲಿಯೂ ಉಳಿದ ಕೊರತೆಯನ್ನು ಪೂರ್ಣವೆಂದೇ ಎಣಿಸಬೇಕೆಂದು ಬೇಡಿಕೊಂಡು ಏಳುತ್ತಾನೆ. ದಿನವೂ ನಾಲಗೆಯ ಮೇಲಾಡುವ ಈ ಮಾತಿನ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವವರು ಮಾತ್ರ ವಿರಳ. ಮನೆಗೆ ರೋಗವೋ ಸಾವೋ ಬಡತನವೋ ಬಂದೊದಗಿದಾಗ, ಆ ಗೃಹಸ್ಥನೇ ಎಂದಿನ ಕೆಲಸಗಳೆಲ್ಲ ಎಂದಿನ ಅಳತೆಯಲ್ಲಿಯೇ ನಡೆಯತಕ್ಕುವೆಂದು ತನಗೆ ತಾನೇ ಆಜ್ಞೆ ಮಾಡಿಕೊಳ್ಳುತ್ತಾನೆ. ನಡೆಯದೆ ಹೋದರೆ ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಗೃಹಿಣಿಯು ಮೈಯಲ್ಲಿ ಜ್ವರವಿರುವಾಗಲೂ ಹಬ್ಬದ ಅಡಿಗೆಯಲ್ಲಿ ಒಂದು ಭಕ್ಷ್ಯ ಕಡಿಮೆಯಾಯಿತೆಂದು ಕಣ್ಣೀರಿಡುತ್ತಾಳೆ. ತಂದೆಯನ್ನು ಕಳೆದುಕೊಂಡು ತಿಂಗಳು ತುಂಬದ ಹುಡುಗನು ಪರೀಕ್ಷೆಯಲ್ಲಿ ಹಿಂದಿನಷ್ಟೇ ಅಂಕಗಳು ಬರಲಿಲ್ಲವೆಂದು ತಲೆಯೆತ್ತದೆ ಕುಳಿತುಕೊಳ್ಳುತ್ತಾನೆ.

ಇಂತಹ ಕ್ಲೇಶಕ್ಕೆ ಕಾರಣವನ್ನು ಕೇಳಿದರೆ ಹಲವರು ಹಳೆಯ ಕಟ್ಟಳೆಗಳ ಕಡೆಗೆ ಬೆರಳು ತೋರಿಸುವುದುಂಟು. ನಮ್ಮ ಹಿರಿಯರ ಧರ್ಮವು ಕಬ್ಬಿಣದ ಕಡಲೆಯಾಗಿತ್ತು, ಬಾಗುವುದನ್ನೇ ಅರಿಯದಾಗಿತ್ತು, ಅದರ ಸಂಸ್ಕಾರವೇ ಈಗಲೂ ಮನಸ್ಸನ್ನು ಬಿಗಿಯುತ್ತಿದೆ ಎಂಬುದು ಅವರ ಅಭಿಪ್ರಾಯ. ಶ್ರುತಿಸ್ಮೃತಿಗಳ ಇತಿಹಾಸವನ್ನು ಕ್ರಮವಾಗಿ ನೋಡಿದರೆ ಕಾಣಬರುವುದು ಬೇರೆ. ಕಟ್ಟಳೆಯನ್ನು ಮಾಡಿದವರೇ ಅದನ್ನು ಸಡಿಲಿಸತಕ್ಕ ಕಾಲ ಯಾವುದು, ಎಷ್ಟರ ಮಟ್ಟಿಗೆ ಸಡಿಲಿಸಬೇಕು, ಯಾವುದನ್ನು ಸಡಿಲಿಸಕೂಡದು, ಪುನಃ ಯಾವಾಗ ಬಿಗಿಯಬೇಕು ಎಂಬುದನ್ನೆಲ್ಲ ಬಹು ಸೂಕ್ಷ್ಮವಾಗಿ ವಿಚಾರಿಸಿರುವರು. ಆ ವಿಚಾರದ ಸರಣಿಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

೧

ವೈದಿಕ ಕರ್ಮಗಳಲ್ಲಿ ಅಗ್ನಿಹೋತ್ರಕ್ಕಿಂತ ಬಿಡುವಿಲ್ಲದ ಕರ್ಮ ಇನ್ನೊಂದಿಲ್ಲ. ಪ್ರತಿದಿನವೂ ಪ್ರಾತಸ್ಸಾಯಂಕಾಲಗಳಲ್ಲಿ ಅಗ್ನಿಗೆ ಹಾಲಿನ ಆಹುತಿಯನ್ನು ಕೊಡತಕ್ಕದ್ದು. ಮುಪ್ಪು ಅಥವಾ ಮರಣ ಇವೆರಡರಿಂದಲೇ ಅದರಿಂದ ಬಿಡುಗಡೆ ಎಂದು ಶತಪಥಬ್ರಾಹ್ಮಣವು ಹೇಳುತ್ತದೆ. ಇಷ್ಟು ಕಠಿನವಾದ ಕರ್ಮದ ವಿಷಯದಲ್ಲಿಯೇ ಅದೇ ಗ್ರಂಥವು ಹನ್ನೊಂದನೆಯ ಕಾಂಡದಲ್ಲಿ ಒಂದು ಸಂವಾದವನ್ನು ಇಟ್ಟಿದೆ. ವಿದೇಹದ ಅರಸನಾದ ಜನಕನು ಯಾಜ್ಞವಲ್ಕ್ಯನನ್ನು ಕುರಿತು, ಅಗ್ನಿಹೋತ್ರವನ್ನು ಬಲ್ಲೆಯಾ ಎಂದು ಕೇಳಿದನು. ಬಲ್ಲೆನೆಂದು ಆತನು ಉತ್ತರ ಕೊಟ್ಟನು. ಅದು ಯಾವುದೆಂದರೆ, ಹಾಲೇ ಅದೆಂದನು. ಹಾಲಿಲ್ಲದಿದ್ದರೆ ಯಾವುದರಿಂದ ಹೋಮ? ಬತ್ತ, ಜವೆಗೋದಿಗಳಿಂದ. ಅವೂ ಇಲ್ಲದಿದ್ದರೆ? ಬೇರೆ ಯಾವ ಧಾನ್ಯ ದೊರೆತರೆ ಅದರಿಂದ. ಅದೂ ಇಲ್ಲದಿದ್ದರೆ? ಕಾಡಿನಲ್ಲಿ ತಾನಾಗಿ ಬೆಳೆದ ಗಿಡಮೂಲಿಕೆಗಳಿಂದ. ಅವೂ ಇಲ್ಲದಿದ್ದರೆ? ಮರದ ಹಣ್ಣುಕಾಯಿಗಳಿಂದ. ಅವೂ ಇಲ್ಲದಿದ್ದರೆ? ನೀರಿನಿಂದ. ನೀರೂ ಇಲ್ಲದಿದ್ದರೆ? ಆಗ ಯಾಜ್ಞವಲ್ಕ್ಯನು, ಇಲ್ಲಿ ಬೇರೇನೂ ಇಲ್ಲದಿದ್ದ ಕಾಲದಲ್ಲಿಯೂ ಆಹುತಿ ನಡೆಯಿತು, ಅದು ಶ್ರದ್ಧೆಯಲ್ಲಿ ಸತ್ಯವನ್ನು ಹೋಮಮಾಡಿದ್ದು ಎಂದನು. ಜನಕನು ಸಂತುಷ್ಟನಾಗಿ, ಅಗ್ನಿಹೋತ್ರವನ್ನು ನೀನು ನಿಜವಾಗಿ ಬಲ್ಲೆ ಎಂದು ನೂರು ಹಸುಗಳನ್ನು ಕೊಟ್ಟನು.

ಈ ಸಂವಾದದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಜನಕನ ಪ್ರಶ್ನೆಗಳು ಒಂದೊಂದು ಮೆಟ್ಟಿಲಾಗಿ ಇಳಿಯುತ್ತವೆ. ಹಾಲಿಲ್ಲವೆಂದೊಡನೆ ಶ್ರದ್ಧೆಯೊಂದೇ ಸಾಕೆಂದು ಋಷಿಯು ಹಾರಲಿಲ್ಲ. ಇರುವುದರಲ್ಲಿ ಹಾಲಿಗೆ ಮುಂದಿನದು ಯಾವುದೋ ಅದನ್ನು ಹೇಳಿದನು. ಎರಡನೆಯದಾಗಿ, ಯಾವ ಮೆಟ್ಟಿಲಿನಲ್ಲಿಯೂ ಹೋಮವು ನಿಂತಿತೆಂದಾಗಲಿ, ಕೀಳಾಯಿತೆಂದಾಗಲಿ ಆತನು ಹೇಳಲಿಲ್ಲ. ನೀರಿನ ಆಹುತಿಯೂ ಅಗ್ನಿಹೋತ್ರವೇ. ಅಲ್ಲದೆ, ಅರಸನು ಹಸುಗಳನ್ನು ಕೊಟ್ಟದ್ದು ಹಾಲಿನ ವಿಧಿಯನ್ನು ಹೇಳಿದ್ದಕ್ಕಾಗಿ ಅಲ್ಲ. ಏನೂ ಇಲ್ಲದಾಗ ಏನು ಉಳಿಯುತ್ತದೆ ಎಂಬುದನ್ನು ಬಲ್ಲವನೇ ಕರ್ಮವನ್ನು ಬಲ್ಲವನು ಎಂಬುದು ಅಲ್ಲಿಯ ತಾತ್ಪರ್ಯ.

೨

ಛಾಂದೋಗ್ಯೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆಯು ಇದೇ ವಿಚಾರವನ್ನು ಯಜ್ಞಶಾಲೆಯಿಂದ ಹಸಿದವನ ಮನೆಗೆ ತರುತ್ತದೆ. ಕುರುದೇಶದಲ್ಲಿ ಆಲಿಕಲ್ಲಿನ ಮಳೆಯಿಂದ ಪೈರು ಹಾಳಾಗಿ ಕ್ಷಾಮ ಬಂದಿತು. ಉಷಸ್ತಿಯು ತನ್ನ ಚಿಕ್ಕ ವಯಸ್ಸಿನ ಹೆಂಡತಿಯೊಡನೆ ಆನೆಯವರ ಊರೊಂದರಲ್ಲಿ ದುರ್ಗತಿಯಿಂದ ಕಾಲ ಕಳೆಯುತ್ತಿದ್ದನು. ಅಲ್ಲಿ ಒಬ್ಬನು ಕೀಳುಜಾತಿಯ ಉದ್ದಿನ ಕಾಳುಗಳನ್ನು ತಿನ್ನುತ್ತಿದ್ದುದನ್ನು ಕಂಡು ಭಿಕ್ಷೆ ಬೇಡಿದನು. ತನ್ನ ಮುಂದಿರುವ ಎಂಜಲಲ್ಲದೆ ಬೇರೆ ಕಾಳಿಲ್ಲವೆಂದು ಆತನು ಹೇಳಲು, ಅದನ್ನೇ ಕೊಡೆಂದು ಇಸುಕೊಂಡು ತಿಂದನು. ಬಳಿಕ ಆತನು ಕುಡಿಯಲು ನೀರು ಕೊಡಹೋದಾಗ ಉಷಸ್ತಿಯು ಎಂಜಲು ನೀರನ್ನು ಕುಡಿಯಲಾರೆನೆಂದನು. ಕಾಳುಗಳು ಎಂಜಲಾಗಿರಲಿಲ್ಲವೇ ಎಂದು ಆನೆಯವನು ಕೇಳಿದನು. ಅವನ್ನು ತಿನ್ನದೆ ಇದ್ದಿದ್ದರೆ ತಾನು ಬದುಕುತ್ತಿರಲಿಲ್ಲ, ನೀರಾದರೋ ತನಗೆ ಬೇಕಾದಲ್ಲಿ ದೊರೆಯುತ್ತದೆ ಎಂದು ಉಷಸ್ತಿಯು ಉತ್ತರ ಕೊಟ್ಟನು. ಉಳಿದ ಕಾಳನ್ನು ಹೆಂಡತಿಗೆ ಒಯ್ದುಕೊಟ್ಟನು. ಆಕೆಗೆ ಆಗಲೇ ಒಳ್ಳೆಯ ಭಿಕ್ಷೆ ದೊರೆತಿದ್ದುದರಿಂದ ಅದನ್ನು ತೆಗೆದಿಟ್ಟಳು. ಮರುದಿನ ಬೆಳಿಗ್ಗೆ ಆ ತಂಗಳನ್ನೇ ತಿಂದು ಮೈಯಲ್ಲಿ ಬಲ ತಂದುಕೊಂಡು, ಸಮೀಪದಲ್ಲಿ ಅರಸನು ಮಾಡುತ್ತಿದ್ದ ಯಜ್ಞಕ್ಕೆ ಹೋಗಿ, ಅಲ್ಲಿಯ ಋತ್ವಿಜರಿಗೆ ತಾವು ಹಾಡುವ ಸಾಮದ ದೇವತೆಯೇ ಗೊತ್ತಿಲ್ಲವೆಂದು ತೋರಿಸಿ ಮನ್ನಣೆ ಪಡೆದನು.

ಈ ಕಥೆಯಲ್ಲಿ ಕಾಳನ್ನು ತಿಂದದ್ದಷ್ಟನ್ನೇ ನೆನಪಿಟ್ಟವರು ಆಪತ್ತಿನಲ್ಲಿ ಎಲ್ಲವೂ ಸಲ್ಲುತ್ತದೆ ಎನ್ನುವರು. ನೀರನ್ನು ಬಿಟ್ಟದ್ದಷ್ಟನ್ನೇ ನೆನಪಿಟ್ಟವರು ಪ್ರಾಣ ಹೋದರೂ ನಿಯಮ ತಪ್ಪಕೂಡದು ಎನ್ನುವರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವನಿಗೆ ಮಾತ್ರ ಅರ್ಥ ದೊರೆಯುತ್ತದೆ. ಆಪತ್ತು ಯಾವ ಅಂಶದಲ್ಲಿ ಇದೆಯೋ ಆ ಅಂಶದಲ್ಲಿ ನಿಯಮ ಸಡಿಲುತ್ತದೆ. ಉಳಿದ ಅಂಶಗಳಲ್ಲಿ ಅದು ಹಾಗೆಯೇ ನಿಲ್ಲುತ್ತದೆ. ಇನ್ನೊಂದು ಅಂಶವೂ ಉಂಟು. ಎಂಜಲು ತಿಂದೆನೆಂಬ ನಾಚಿಕೆಯಿಂದ ಉಷಸ್ತಿಯು ಮನೆಯಲ್ಲಿ ಅಡಗಿ ಕುಳಿತುಕೊಳ್ಳಲಿಲ್ಲ. ಹಸಿವನ್ನು ನೀಗಿಕೊಂಡು, ತನ್ನ ವಿದ್ಯೆ ಎಲ್ಲಿ ಬೇಕಾಗಿತ್ತೋ ಅಲ್ಲಿಗೆ ಹೋದನು. ಉಪನಿಷತ್ತು ಅವನನ್ನು ಎಲ್ಲಿಯೂ ನಿಂದಿಸುವುದಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಹೆಸರಿನ ಒಂದು ಭಾಗವೇ ಇದೆ. ಅದರಲ್ಲಿಯ ವಿಶ್ವಾಮಿತ್ರನ ಕಥೆಯು ಇನ್ನೂ ಉಗ್ರವಾದದ್ದು. ಹನ್ನೆರಡು ವರ್ಷ ಮಳೆಯಿಲ್ಲದೆ ಲೋಕವೇ ಒಣಗಿಹೋದಾಗ, ಆ ಮಹರ್ಷಿಯು ಊರಹೊರಗಿನ ಒಂದು ಗುಡಿಸಿಲಿಗೆ ಹೊಕ್ಕು ನಾಯಿಯ ಮಾಂಸವನ್ನು ತೆಗೆದುಕೊಳ್ಳುತ್ತಾನೆ. ಗುಡಿಸಿಲಿನ ಯಜಮಾನನೇ ಎಚ್ಚತ್ತು ಇದು ನಿನಗೆ ತಕ್ಕದ್ದಲ್ಲವೆಂದು ಬಹಳವಾಗಿ ವಾದಿಸುತ್ತಾನೆ. ಬದುಕಿದ್ದವನು ಧರ್ಮವನ್ನು ಮಾಡಬಲ್ಲನೆಂಬುದು ಋಷಿಯ ಪ್ರತಿವಾದ. ಆದರೂ ಮಾಂಸವನ್ನು ಬೇಯಿಸಿದ ಮೇಲೆ ದೇವತೆಗಳಿಗೆ ಅವರವರ ಭಾಗವನ್ನು ಕೊಡಲು ಆತನು ತೊಡಗುತ್ತಾನೆ; ಆಗಲೇ ಮಳೆ ಸುರಿಯುತ್ತದೆ. ಇಲ್ಲಿಯೂ ಕ್ರಮ ಅದೇ: ಪದಾರ್ಥ ಬದಲಾಯಿತು, ತಾನು ತಿನ್ನುವ ಮೊದಲು ಕೊಡಬೇಕೆಂಬ ವಿಧಿ ಬದಲಾಗಲಿಲ್ಲ.

೩

ವೇದದ ಮಾರ್ಗದಿಂದ ಬೇರೆಯಾಗಿ ನಡೆದವರಲ್ಲಿಯೂ ಈ ವಿಚಾರವು ತಲೆದೋರಿತು. ಗೌತಮಬುದ್ಧನು ಬೋಧೆಯನ್ನು ಪಡೆಯುವ ಮೊದಲು ಉರುವೇಲೆಯಲ್ಲಿ ದೇಹವನ್ನು ಎಲುಬುಗೂಡಾಗಿ ಮಾಡಿಕೊಂಡು ತಪಸ್ಸು ಮಾಡಿದನೆಂದೂ, ಆ ಮಾರ್ಗದಿಂದ ಫಲವಿಲ್ಲವೆಂದು ಕಂಡು ಅನ್ನವನ್ನು ಸ್ವೀಕರಿಸಿದನೆಂದೂ, ಆಗ ಜೊತೆಯಲ್ಲಿದ್ದ ಐವರು ತಪಸ್ವಿಗಳು ಈತನು ಕೆಟ್ಟನೆಂದು ಬಿಟ್ಟುಹೋದರೆಂದೂ ಪಾಲೀಗ್ರಂಥಗಳು ಹೇಳುತ್ತವೆ. ಕಠಿನತೆಯನ್ನೇ ಧರ್ಮವೆಂದು ತಿಳಿದವರಿಗೆ ಅದರ ಸಡಿಲಿಕೆಯು ಪತನವಾಗಿ ಕಾಣುವುದು ಹೊಸತೇನೂ ಅಲ್ಲ.

ವಿನಯಪಿಟಕದ ಮಹಾವಗ್ಗದಲ್ಲಿ ಸೋಣನೆಂಬ ಭಿಕ್ಷುವಿನ ವೃತ್ತಾಂತವಿದೆ. ಅವನು ಅಂಗದೇಶದ ಚಂಪಾನಗರದ ಶ್ರೀಮಂತನ ಮಗ, ಬಹಳ ಸುಕುಮಾರನಾಗಿ ಬೆಳೆದವನು. ಸಂಘವನ್ನು ಸೇರಿದ ಮೇಲೆ ರಾಜಗೃಹದ ಬಳಿಯ ಸೀತವನದಲ್ಲಿ ಹಗಲಿರುಳು ಅತ್ತಿಂದಿತ್ತ ನಡೆದಾಡುತ್ತ ಧ್ಯಾನ ಮಾಡಿದನು. ಅಂಗಾಲುಗಳು ಒಡೆದು ನಡೆದ ದಾರಿಯೆಲ್ಲ ರಕ್ತವಾಯಿತು. ಆದರೂ ಮನಸ್ಸು ಬಿಡುಗಡೆಯಾಗದಿರಲು, ಇಷ್ಟು ಮಾಡಿಯೂ ಫಲವಿಲ್ಲದ ಮೇಲೆ ಮನೆಗೆ ಹಿಂದಿರುಗಿ ಐಶ್ವರ್ಯವನ್ನು ಅನುಭವಿಸುತ್ತ ದಾನಧರ್ಮ ಮಾಡಿಕೊಂಡಿರುವುದೇ ಮೇಲೆಂದು ಯೋಚಿಸಿದನು. ಬುದ್ಧನು ಅದನ್ನರಿತು ಬಂದು, ಗೃಹಸ್ಥನಾಗಿದ್ದಾಗ ವೀಣೆಯಲ್ಲಿ ನಿಪುಣನಾಗಿದ್ದೆಯಲ್ಲವೇ ಎಂದು ಕೇಳಿದನು. ತಂತಿಯನ್ನು ಅತಿಯಾಗಿ ಬಿಗಿದರೂ ಅತಿಯಾಗಿ ಸಡಿಲಿಸಿದರೂ ಸ್ವರ ಹೊರಡದೆಂಬುದನ್ನು ಸೋಣನ ಬಾಯಿಂದಲೇ ಹೇಳಿಸಿ, ಪ್ರಯತ್ನದ ವಿಷಯವೂ ಹಾಗೆಯೇ ಎಂದು ಬೋಧಿಸಿದನು.

ಈ ದೃಷ್ಟಾಂತವು ಲೋಕದಲ್ಲಿ ಪ್ರಸಿದ್ಧವಾಗಿದೆ. ಅದರ ಹಿಂದೆಮುಂದೆ ಇರುವ ಎರಡು ಸಂಗತಿಗಳು ಅಷ್ಟು ಪ್ರಸಿದ್ಧವಲ್ಲ. ಅತಿಯಾಗಿ ಬಿಗಿದುಕೊಂಡ ಸೋಣನೇ ಎಲ್ಲವನ್ನೂ ಬಿಟ್ಟುಬಿಡಲು ಹೊರಟವನು ಎಂಬುದು ಮೊದಲನೆಯದು. ಸಾಧ್ಯವಲ್ಲದ ಅಳತೆಯನ್ನು ತನಗೆ ತಾನೇ ವಿಧಿಸಿಕೊಂಡವನು ಆ ಅಳತೆ ಮುಟ್ಟದಾಗ ಅರ್ಧಕ್ಕೆ ಇಳಿಯುವುದಿಲ್ಲ, ಶೂನ್ಯಕ್ಕೆ ಇಳಿಯುತ್ತಾನೆ. ಎರಡನೆಯದು ಪಾದರಕ್ಷೆಯ ಮಾತು. ಬುದ್ಧನು ಸೋಣನ ಸುಕುಮಾರತೆಯನ್ನು ನೋಡಿ ಒಂದು ಪದರದ ಪಾದರಕ್ಷೆಯನ್ನು ಧರಿಸಲು ಅವನಿಗೆ ಅಪ್ಪಣೆಯಿತ್ತನು. ಅಷ್ಟು ಐಶ್ವರ್ಯವನ್ನು ತೊರೆದು ಬಂದವನು ಪಾದರಕ್ಷೆಗೆ ಅಂಟಿಕೊಂಡನೆಂದು ಜನ ಆಡಿಕೊಳ್ಳುವರೆಂದೂ, ಸಂಘಕ್ಕೆಲ್ಲ ಅಪ್ಪಣೆಯಾದರೆ ತಾನೂ ಧರಿಸುವೆನೆಂದೂ ಸೋಣನು ಹೇಳಿದನು. ಆಗ ಬುದ್ಧನು ಸಂಘಕ್ಕೆಲ್ಲ ಅನುಮತಿ ಕೊಟ್ಟನು. ಸಡಿಲಿಕೆಯು ಒಬ್ಬನಿಗೆ ಮಾತ್ರ ಆದರೆ ಅದು ಅವನಿಗೆ ಅಪಮಾನವಾಗಿ ತೋರಬಹುದು. ಎಲ್ಲರಿಗೂ ಆದರೆ ಅದು ಕ್ರಮವೇ ಆಗುತ್ತದೆ.

೪

ಬ್ರಾಹ್ಮಣೋಪನಿಷತ್ತುಗಳಲ್ಲಿ ಕಥೆಯಾಗಿ ಬಂದ ವಿಷಯವನ್ನು ನ್ಯಾಯವಾಗಿ ರೂಪಿಸಿದವರು ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದವು ಇದಕ್ಕಾಗಿಯೇ ಮೀಸಲಾಗಿದೆ ಎನ್ನಬಹುದು. ಅಲ್ಲಿಯ ಮೊದಲನೆಯ ಪ್ರಶ್ನೆ ಇದು. ಅಗ್ನಿಹೋತ್ರ, ದರ್ಶಪೂರ್ಣಮಾಸ ಮುಂತಾದ ಕರ್ಮಗಳನ್ನು ಬದುಕಿರುವವರೆಗೂ ಮಾಡಬೇಕೆಂದು ವೇದವು ವಿಧಿಸಿದೆ. ಒಂದೊಂದು ಕರ್ಮಕ್ಕೂ ಅಂಗಗಳು ಅನೇಕ. ಎಲ್ಲ ಅಂಗಗಳನ್ನೂ ಮಾಡಲು ಶಕ್ತಿಯಿಲ್ಲದವನು ಏನು ಮಾಡಬೇಕು? ಅಂಗಗಳಲ್ಲಿ ಕೊರತೆಯಾದರೆ ಕರ್ಮವೇ ಕೆಟ್ಟಂತಾದುದರಿಂದ, ಸಮಸ್ತಾಂಗಗಳನ್ನೂ ನಡೆಸಬಲ್ಲವನು ಮಾತ್ರ ಅಧಿಕಾರಿ ಎಂಬುದು ಪೂರ್ವಪಕ್ಷ. ಸಿದ್ಧಾಂತವು ಹಾಗಿಲ್ಲ. ಬದುಕಿರುವವರೆಗೂ ಎಂದು ವಿಧಿಸಿದ ಮೇಲೆ ಬದುಕಿನಲ್ಲಿ ಬರುವ ಅಶಕ್ತಿಯ ದಿನಗಳೂ ಅದರೊಳಗೆ ಸೇರಿದುವು. ಆದಕಾರಣ ಪ್ರಧಾನವಾದ ಕರ್ಮವನ್ನು ಬಿಡದೆ, ಅಂಗಗಳಲ್ಲಿ ಶಕ್ತಿಯಿದ್ದಷ್ಟನ್ನು ಮಾಡತಕ್ಕದ್ದು. ಇದಕ್ಕೇ ಯಥಾಶಕ್ತಿನ್ಯಾಯವೆಂದು ಹೆಸರು.

ಒಡನೆಯೇ ಜೈಮಿನಿಯು ಇನ್ನೊಂದು ನಿರ್ಣಯವನ್ನು ಹೇಳುತ್ತಾನೆ. ಕಾಮ್ಯಕರ್ಮಕ್ಕೆ, ಎಂದರೆ ಒಂದು ಫಲವನ್ನು ಬಯಸಿ ತಾನಾಗಿ ಕೈಕೊಂಡ ಕರ್ಮಕ್ಕೆ, ಈ ನ್ಯಾಯವು ಅನ್ವಯಿಸುವುದಿಲ್ಲ. ಮಳೆಯನ್ನೋ ಸ್ವರ್ಗವನ್ನೋ ಬಯಸಿ ಇಷ್ಟಿಯನ್ನು ಮಾಡುವವನು ಸಮಸ್ತಾಂಗಗಳನ್ನೂ ಪೂರೈಸಲೇಬೇಕು. ಅದಕ್ಕೆ ಶಕ್ತಿಯಿಲ್ಲದವನು ಅದಕ್ಕೆ ಕೈಹಾಕಬೇಕಾಗಿಯೇ ಇಲ್ಲ. ಮಾಡದಿದ್ದರೆ ಅವನಿಗೆ ದೋಷವೂ ಇಲ್ಲ. ಹೀಗೆ ನಿತ್ಯವಾದದ್ದು ಕೊರತೆಯನ್ನು ಸಹಿಸುತ್ತದೆ, ಬಿಡುವುದನ್ನು ಸಹಿಸುವುದಿಲ್ಲ. ಕಾಮ್ಯವಾದದ್ದು ಬಿಡುವುದನ್ನು ಸಹಿಸುತ್ತದೆ, ಕೊರತೆಯನ್ನು ಸಹಿಸುವುದಿಲ್ಲ.

ಯಜ್ಞಶಾಲೆಯ ವಿಷಯವಾಗಿ ಹುಟ್ಟಿದ ಈ ವಿವೇಕವು ಸಂಸಾರಕ್ಕೂ ಒಪ್ಪುತ್ತದೆ. ಮಕ್ಕಳಿಗೆ ಅನ್ನವಿಕ್ಕುವುದು, ರೋಗಿಯನ್ನು ನೋಡಿಕೊಳ್ಳುವುದು, ಹೊಟ್ಟೆಪಾಡಿನ ವೃತ್ತಿ, ದೇವರ ಮುಂದೆ ಒಂದು ದೀಪ, ಇವು ನಿತ್ಯದ ಜಾತಿಗೆ ಸೇರಿದುವು. ಬಂಧುಗಳೆಲ್ಲ ಹೊಗಳುವಂತೆ ಮದುವೆ ಮಾಡುವುದು, ಓರಗೆಯವರಲ್ಲೆಲ್ಲ ಮೊದಲಿಗನಾಗುವುದು, ಹಬ್ಬಕ್ಕೆ ಹನ್ನೆರಡು ಬಗೆಯ ಭಕ್ಷ್ಯ ಮಾಡುವುದು, ಇವು ಕಾಮ್ಯದ ಜಾತಿಯವು. ಕಷ್ಟಕಾಲದಲ್ಲಿ ಮನೆಮನೆಗಳಲ್ಲಿ ಕಾಣುವ ಸಂಕಟವು ಬಹುಮಟ್ಟಿಗೆ ಈ ಎರಡರ ಅಳತೆಗೋಲುಗಳು ಅದಲುಬದಲಾದುದರಿಂದ ಹುಟ್ಟಿದ್ದು. ಜನರು ಮುಂದೂಡಬಹುದಾದ ಕಾಮ್ಯವನ್ನು ಬಿಡಲಾಗದ ನಿತ್ಯವೆಂದು ಹಿಡಿದುಕೊಳ್ಳುತ್ತಾರೆ. ಕೊರತೆಯನ್ನು ಸಹಿಸತಕ್ಕ ನಿತ್ಯವನ್ನು ಕಾಮ್ಯದ ಅಳತೆಯಿಂದ ಅಳೆದು, ಅದು ಸಾಂಗವಾಗಲಿಲ್ಲವೆಂದು ಕೊರಗುತ್ತಾರೆ.

ಒಂದು ದ್ರವ್ಯವು ದೊರೆಯದಾಗ ಅದರ ಸ್ಥಾನದಲ್ಲಿ ನಿಲ್ಲುವುದಕ್ಕೆ ಪ್ರತಿನಿಧಿಯೆಂದು ಹೆಸರು. ಬತ್ತವಿಲ್ಲದಿದ್ದರೆ ತಾನಾಗಿ ಬೆಳೆಯುವ ನೀವಾರಧಾನ್ಯ, ಸೋಮಲತೆ ಇಲ್ಲದಿದ್ದರೆ ಪೂತೀಕವೆಂಬ ಬಳ್ಳಿ. ಪ್ರತಿನಿಧಿಯು ಮುಖ್ಯವಾದುದಕ್ಕೆ ಹೋಲಿಕೆಯುಳ್ಳದ್ದಾಗಿರಬೇಕು. ನಿಷಿದ್ಧವಾದ ಪದಾರ್ಥವು ಎಷ್ಟು ಹೋಲಿದರೂ ಪ್ರತಿನಿಧಿಯಾಗಲಾರದು. ಇನ್ನು ಕೆಲವಕ್ಕೆ ಪ್ರತಿನಿಧಿಯೇ ಇಲ್ಲ: ಆಹುತಿಯನ್ನು ಪಡೆಯುವ ದೇವತೆ, ಅದನ್ನು ಒಯ್ಯುವ ಅಗ್ನಿ, ಹೇಳತಕ್ಕ ಮಂತ್ರ, ಮಾಡತಕ್ಕ ಕ್ರಿಯೆ. ಪದಾರ್ಥವು ಬದಲಾಗಬಹುದು, ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದು ಬದಲಾಗಕೂಡದು ಎಂಬುದೇ ಈ ನಿರ್ಣಯದ ಸಾರ.

೫

ಸ್ಮೃತಿಕಾರರು ಮುಖ್ಯಕಲ್ಪ, ಅನುಕಲ್ಪ ಎಂಬ ಎರಡು ಪರಿಭಾಷೆಗಳಿಂದ ಇದನ್ನು ಜೀವನಕ್ಕೆ ಹರಡಿದರು. ಸ್ವಸ್ಥಕಾಲದಲ್ಲಿ ಮಾಡತಕ್ಕದ್ದು ಮುಖ್ಯಕಲ್ಪ. ಅದು ಸಾಧ್ಯವಾಗದಾಗ ಮಾಡತಕ್ಕದ್ದು ಅನುಕಲ್ಪ. ಆಪತ್ತಿನ ವಿಧಿಗಳನ್ನು ದೇವತೆಗಳೂ ಮಹರ್ಷಿಗಳೂ ಮರಣಭಯವನ್ನು ಕಂಡು ಏರ್ಪಡಿಸಿದರೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಹೇಳುತ್ತದೆ. ಅದೇ ಸ್ಥಳದಲ್ಲಿ, ಮುಖ್ಯಕಲ್ಪಕ್ಕೆ ಶಕ್ತಿಯಿದ್ದೂ ಅನುಕಲ್ಪದಿಂದ ನಡೆಯುವವನಿಗೆ ಪರಲೋಕದಲ್ಲಿ ಫಲವಿಲ್ಲವೆಂಬ ಎಚ್ಚರಿಕೆಯೂ ಉಂಟು. ಸೋಮಾರಿತನಕ್ಕೆ ಆಪತ್ತಿನ ಹೆಸರಿಡಬಾರದೆಂದು ತಾತ್ಪರ್ಯ.

ಈ ಭಾಗದ ಇತಿಹಾಸದಲ್ಲಿ ಕನ್ನಡನಾಡಿಗೆ ವಿಶೇಷವಾದ ಸ್ಥಾನವಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಆ ಕಲ್ಯಾಣವೇ ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣ. ನ್ಯಾಯವಾದಿಗಳು ಮಿತಾಕ್ಷರೆಯನ್ನು ದಾಯಭಾಗದ ಗ್ರಂಥವೆಂದೇ ಬಲ್ಲರು. ಅದರ ಮೂರನೆಯದಾದ ಪ್ರಾಯಶ್ಚಿತ್ತಾಧ್ಯಾಯವನ್ನು ತೆರೆಯುವವರು ಕಡಿಮೆ. ಅಲ್ಲಿ ಆಶೌಚಪ್ರಕರಣದ ಬಳಿಕ ಆಪದ್ಧರ್ಮಪ್ರಕರಣವು ಬರುತ್ತದೆ. ಕೃಷಿ, ಶಿಲ್ಪ, ಕೂಲಿ, ವಿದ್ಯೆ, ಬಡ್ಡಿ, ಬಂಡಿ ಹೂಡುವುದು, ಸೇವೆ, ಭಿಕ್ಷೆ ಮುಂತಾಗಿ ಆಪತ್ತಿನಲ್ಲಿ ಬದುಕುವ ದಾರಿಗಳನ್ನು ಸ್ಮೃತಿಯು ಎಣಿಸುತ್ತದೆ. ಆಪತ್ತನ್ನು ದಾಟಿದ ಮೇಲೆ ತನ್ನನ್ನು ಶುದ್ಧಿಮಾಡಿಕೊಂಡು ಮೊದಲಿನ ಮಾರ್ಗದಲ್ಲಿ ನಿಲ್ಲಿಸಿಕೊಳ್ಳಬೇಕೆಂದೂ ಹೇಳುತ್ತದೆ. ದೇಶಕ್ಕೆ ಉಪದ್ರವ ಬಂದಾಗ, ಕಷ್ಟತರವಾದ ಆಪತ್ತಿನಲ್ಲಿ, ಹತ್ತು ದಿನದ ಆಶೌಚವು ಒಡನೆಯೇ ಕಳೆಯುವುದೆಂಬ ಸದ್ಯಶ್ಶೌಚದ ವಿಧಿಯೂ ಅಲ್ಲಿಯೇ ಇದೆ. ಪ್ರಾಯಶ್ಚಿತ್ತವನ್ನು ವಿಧಿಸುವವರು ದೇಶ, ಕಾಲ, ವಯಸ್ಸು, ಶಕ್ತಿ ಇವುಗಳನ್ನು ನೋಡಿ ವಿಧಿಸತಕ್ಕದ್ದೆಂಬುದು ಸ್ಮೃತಿಯ ಆಜ್ಞೆ. ಎಂಬತ್ತು ತುಂಬಿದ ವೃದ್ಧರಿಗೂ ಹದಿನಾರು ತುಂಬದ ಬಾಲರಿಗೂ ಸ್ತ್ರೀಯರಿಗೂ ರೋಗಿಗಳಿಗೂ ಅರ್ಧ ಮಾತ್ರ ಎಂಬ ವಚನವು ಧರ್ಮಶಾಸ್ತ್ರಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಪಾಪಕ್ಕೆ ಕೊಡುವ ದಂಡವನ್ನೇ ಶಕ್ತಿಯನ್ನು ನೋಡಿ ಅಳೆದ ಶಾಸ್ತ್ರವು, ಪಾಪವನ್ನೇ ಮಾಡದವನು ತನಗೆ ತಾನೇ ಪೂರ್ಣದಂಡವನ್ನು ವಿಧಿಸಿಕೊಳ್ಳುವುದನ್ನು ಮೆಚ್ಚುವುದೆಂದು ಹೇಗೆ ಹೇಳಬಹುದು?

ವಿಜಯನಗರದ ಬುಕ್ಕರಾಯನ (೧೩೫೬–೧೩೭೭) ಮಂತ್ರಿಯಾಗಿದ್ದ ಮಾಧವಾಚಾರ್ಯನು ಪರಾಶರಸ್ಮೃತಿಗೆ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದನು. ಅದಕ್ಕೆ ಪರಾಶರಮಾಧವೀಯವೆಂದು ಹೆಸರು. ಪರಾಶರಸ್ಮೃತಿಯು ಕಲಿಯುಗದವರ ಶಕ್ತಿಯನ್ನು ಕಂಡು ಹೇಳಿದ ಸ್ಮೃತಿಯೆಂದು ಪ್ರಸಿದ್ಧಿ. ಒಂದೊಂದು ಯುಗಕ್ಕೂ ಒಂದೊಂದು ಧರ್ಮ ಮುಖ್ಯವೆಂದೂ, ತಮ್ಮ ಯುಗಕ್ಕೆ ತಕ್ಕಂತೆ ಇರುವ ಜನರನ್ನು ಹಿಂದಿನ ಯುಗದ ಅಳತೆಯಿಂದ ನಿಂದಿಸಕೂಡದೆಂದೂ ಅದರ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ. ದೇಶಭಂಗದಲ್ಲಿ, ಪ್ರವಾಸದಲ್ಲಿ, ವ್ಯಾಧಿಯಲ್ಲಿ, ವ್ಯಸನದಲ್ಲಿ ಮೊದಲು ದೇಹವನ್ನು ಕಾಪಾಡಿಕೊಳ್ಳಬೇಕು, ಧರ್ಮಾಚರಣೆಯು ಆಮೇಲೆ ಎಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ದೀನವಾದ ತನ್ನನ್ನು ಮೊದಲು ಮೇಲೆತ್ತಿಕೊಳ್ಳಬೇಕು. ಸಮರ್ಥನಾದ ಮೇಲೆ ಧರ್ಮವನ್ನು ಆಚರಿಸಬೇಕು. ಆಪತ್ತು ಕಳೆದ ಮೇಲೆ ಶೌಚಾಚಾರಗಳನ್ನು ಚಿಂತಿಸಬೇಕು. ಅನುಗ್ರಹ, ಎಂದರೆ ನಿಯಮದಲ್ಲಿ ರಿಯಾಯಿತಿ, ದುರ್ಬಲರಿಗೂ ಬಾಲವೃದ್ಧರಿಗೂ ಸಲ್ಲತಕ್ಕದ್ದು. ಸ್ನೇಹದಿಂದಲೋ ಲೋಭದಿಂದಲೋ ಭಯದಿಂದಲೋ ತಕ್ಕವರಲ್ಲದವರಿಗೆ ಅದನ್ನು ಮಾಡಿದರೆ ಆ ಪಾಪವು ಮಾಡಿದವರಿಗೇ ತಗಲುವುದು ಎಂದು ಅದೇ ಸ್ಮೃತಿಯ ನಿರ್ಣಯ.

ಅದರಲ್ಲಿಯ ಒಂದು ಚಿಕ್ಕ ವಿಧಿಯನ್ನು ಇಲ್ಲಿ ಎತ್ತಿ ಹೇಳಬೇಕು. ರೋಗಿಯೊಬ್ಬನು ಶುದ್ಧಿಗಾಗಿ ಸ್ನಾನ ಮಾಡಲೇಬೇಕಾದ ಸಂದರ್ಭ ಬಂದಿತೆನ್ನೋಣ. ತಣ್ಣೀರನ್ನು ಮೈಮೇಲೆ ಹುಯ್ದರೆ ರೋಗ ಹೆಚ್ಚುತ್ತದೆ. ಆಗ ಆರೋಗ್ಯವಂತನೊಬ್ಬನು ಹತ್ತು ಸಲ ಸ್ನಾನ ಮಾಡಿ, ಒಂದೊಂದು ಸ್ನಾನಕ್ಕೂ ಒಮ್ಮೆ ರೋಗಿಯನ್ನು ಮುಟ್ಟಬೇಕು. ಅದರಿಂದ ರೋಗಿಯು ಶುದ್ಧನಾಗುತ್ತಾನೆ. ವಿಧಿಯನ್ನು ಕೈಬಿಡಲಿಲ್ಲ, ಆದರೆ ಅದರ ಭಾರವನ್ನು ಶಕ್ತಿಯುಳ್ಳವನ ಹೆಗಲಿಗೆ ದಾಟಿಸಲಾಯಿತು. ಅಶಕ್ತನು ಮಾಡಬೇಕಾದದ್ದು ಒಂದೇ: ಇನ್ನೊಬ್ಬನು ತನ್ನನ್ನು ಮುಟ್ಟಲು ಒಪ್ಪಿಕೊಳ್ಳುವುದು. ತಮ್ಮ ಕೆಲಸದಲ್ಲಿ ಬೇರೆಯವರ ಕೈ ತಾಕಿದರೆ ಅವಮಾನವೆಂದು ತಿಳಿಯುವವರಿಗೆ ಈ ವಿಧಿಯಲ್ಲಿ ಕಲಿಯತಕ್ಕದ್ದು ಬಹಳವಿದೆ.

ಈ ಉದಾರತೆಯು ಎಲ್ಲರಿಗೂ ಸಮನಾಗಿ ಸಂದಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಸ್ಮೃತಿಗಳ ಆಪದ್ಧರ್ಮವು ವರ್ಣಗಳ ಏರ್ಪಾಡಿನೊಳಗೇ ಬೆಳೆದದ್ದು. ಮೇಲಿನವರು ಕೆಳಗಿನ ವೃತ್ತಿಗೆ ಇಳಿಯುವುದನ್ನು ಒಪ್ಪಿದಷ್ಟು ಸುಲಭವಾಗಿ ಕೆಳಗಿನವರು ಮೇಲಿನ ವೃತ್ತಿಗೆ ಏರುವುದನ್ನು ಅದು ಒಪ್ಪಲಿಲ್ಲ. ವಿಧವೆಯರ ಉಪವಾಸವ್ರತಗಳ ವಿಷಯದಲ್ಲಿ, ಗ್ರಂಥದಲ್ಲಿದ್ದ ರಿಯಾಯಿತಿಯೂ ಬಹುಕಾಲ ಮನೆಯ ಒಳಗಡೆ ತಲಪಲಿಲ್ಲ. ನ್ಯಾಯವು ಒಳ್ಳೆಯದಾಗಿದ್ದರೆ ಸಾಲದು. ಅದು ಯಾರಿಗೆ ಬೇಕೋ ಅವರ ಕಿವಿಗೆ ಬೀಳಬೇಕು. ಇಂದು ಅದನ್ನು ಹೇಳುವುದಾದರೆ ಎಲ್ಲ ಮನೆಗಳಿಗೂ, ಮನೆಯ ಎಲ್ಲರಿಗೂ ಹೇಳತಕ್ಕದ್ದು.

೬

ಗೃಹಸ್ಥರ ವ್ರತಗಳನ್ನು ನೋಡಿದರೆ ಇದೇ ನ್ಯಾಯವು ಅಡಿಗೆಮನೆಯವರೆಗೂ ಬಂದಿರುವುದು ತಿಳಿಯುತ್ತದೆ. ಏಕಾದಶಿಯ ಉಪವಾಸವು ಎಂಟು ವರ್ಷ ಮೀರಿದ, ಎಂಬತ್ತು ತುಂಬದ ವಯಸ್ಸಿನವರಿಗೆ ಎಂದು ನಿಬಂಧಕಾರರು ಎಲ್ಲೆ ಹಾಕಿರುವರು. ಪೂರ್ಣೋಪವಾಸಕ್ಕೆ ಶಕ್ತಿಯಿಲ್ಲದವರಿಗೆ ರಾತ್ರಿಯ ಒಂದು ಊಟ, ಹವಿಷ್ಯಾನ್ನ, ಅನ್ನವಲ್ಲದ ಪದಾರ್ಥ, ಹಣ್ಣು, ಎಳ್ಳು, ಹಾಲು, ನೀರು ಎಂದು ಮೆಟ್ಟಿಲುಗಳನ್ನು ಹೇಳಿರುವರು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತಭಂಗವಾಗದೆಂಬುದೂ ಪ್ರಸಿದ್ಧವಾದ ವಚನ. ಜನಕನು ಯಾಜ್ಞವಲ್ಕ್ಯನನ್ನು ಕೇಳುತ್ತ ಇಳಿದ ಮೆಟ್ಟಿಲುಗಳೇ ಇಲ್ಲಿ ವ್ರತದ ಮೆಟ್ಟಿಲುಗಳಾಗಿವೆ. ಸ್ನಾನಕ್ಕೂ ಹಾಗೆಯೇ ಭಸ್ಮಸ್ನಾನ, ಮಂತ್ರಸ್ನಾನ, ಮಾನಸಸ್ನಾನ ಎಂಬ ಅನುಕಲ್ಪಗಳು ಉಂಟು. ಆದರೂ ವೈದ್ಯರು ಕೊಟ್ಟ ಗುಳಿಗೆಯನ್ನು ಉಪವಾಸದ ದಿನ ಪಕ್ಕಕ್ಕಿಡುವ ವೃದ್ಧರು ಇಂದಿಗೂ ಇರುವರು. ಅವರು ಶಾಸ್ತ್ರಕ್ಕಿಂತ ಹೆಚ್ಚು ಶಾಸ್ತ್ರನಿಷ್ಠರಾಗಹೊರಟು, ಔಷಧದಿಂದ ವ್ರತ ಕೆಡದೆಂಬ ಶಾಸ್ತ್ರವನ್ನೇ ಮೀರುತ್ತಿರುವರು.

ಸಮೀಪದ ಕಾಲದಲ್ಲಿ ಇಡೀ ದೇಶಕ್ಕೆ ಈ ನ್ಯಾಯದ ಅನುಭವವಾಯಿತು. ಶಾರ್ವರಿ ಸಂವತ್ಸರದ ಯುಗಾದಿಯು ೨೦೨೦ನೆಯ ಮಾರ್ಚ್ ೨೫ರಂದು ಬಂದಿತು. ಕೋವಿಡ್ ವ್ಯಾಧಿಯ ನಿಮಿತ್ತ ದೇಶಕ್ಕೆಲ್ಲ ವಿಧಿಸಿದ ಲಾಕ್‌ಡೌನ್ ಆರಂಭವಾದದ್ದೂ ಅದೇ ದಿನ. ದೇವಸ್ಥಾನಗಳ ಬಾಗಿಲು ಮುಚ್ಚಿದುವು. ಬೇವುಬೆಲ್ಲವಷ್ಟೇ ದೊರೆತ ಮನೆಯಲ್ಲಿ ಬೇವುಬೆಲ್ಲವೇ ಹಬ್ಬವಾಯಿತು. ನೂರಾರು ಎಲೆ ಹಾಕಬೇಕೆಂದಿದ್ದ ಮದುವೆಗಳು ಮನೆಯಂಗಳದಲ್ಲಿ ಕೆಲವೇ ಜನರ ಮುಂದೆ ನಡೆದುವು. ಆ ದಂಪತಿಗಳ ದಾಂಪತ್ಯಕ್ಕೆ ಅದರಿಂದ ಊನವಾಗಲಿಲ್ಲ. ಕಾಮ್ಯವಾವುದು, ನಿತ್ಯವಾವುದು ಎಂಬುದನ್ನು ಜೈಮಿನಿಯ ಸೂತ್ರಗಳನ್ನು ಓದದವರಿಗೂ ಆ ವರ್ಷವು ಕಲಿಸಿತು. ಆಪತ್ತು ಎಲ್ಲರಿಗೂ ಒಮ್ಮೆಗೇ ಬಂದಾಗ ಯಾರೂ ತಮ್ಮನ್ನು ಹಳಿದುಕೊಳ್ಳಲಿಲ್ಲವಷ್ಟೆ. ಅದು ಒಬ್ಬನ ಮನೆಗೆ ಮಾತ್ರ ಬಂದಾಗ, ನೆರೆಮನೆಯಲ್ಲಿ ಎಂದಿನಂತೆ ಹೋಳಿಗೆ ಬೇಯುತ್ತಿರುವಾಗ, ಅದೇ ನ್ಯಾಯವನ್ನು ತನಗೆ ಅನ್ವಯಿಸಿಕೊಳ್ಳುವುದು ಕಷ್ಟ. ನಿಜವಾಗಿ ಆ ನ್ಯಾಯವು ಬೇಕಾದದ್ದು ಆಗಲೇ.

ಒಟ್ಟಿನಲ್ಲಿ ಈ ಇತಿಹಾಸದಿಂದ ಸಿದ್ಧವಾಗುವ ಕ್ರಮವು ಇಷ್ಟು. ಕಷ್ಟ ಬಂದಾಗ ಮೊದಲು ಕೈಯಲ್ಲಿರುವ ಕೆಲಸಗಳಲ್ಲಿ ನಿತ್ಯ ಯಾವುದು, ಕಾಮ್ಯ ಯಾವುದು ಎಂದು ವಿಂಗಡಿಸಬೇಕು. ಕಾಮ್ಯವನ್ನು ಸಂಕೋಚವಿಲ್ಲದೆ ಮುಂದಕ್ಕೆ ಹಾಕಬೇಕು. ನಿತ್ಯವನ್ನು ಬಿಡದೆ, ಅದರ ಅಂಗಗಳನ್ನು ಶಕ್ತಿಯಿದ್ದಷ್ಟಕ್ಕೆ ಇಳಿಸಿಕೊಳ್ಳಬೇಕು. ಇಳಿಯುವಾಗ ಒಂದೊಂದೇ ಮೆಟ್ಟಿಲು ಇಳಿಯಬೇಕು; ಆಪತ್ತು ಕಾಳಿನಲ್ಲಿದ್ದರೆ ನೀರಿನ ನಿಯಮವನ್ನು ಮುರಿಯಬೇಕಾಗಿಲ್ಲ. ತನ್ನಿಂದಾಗದ್ದಕ್ಕೆ ಬೇರೆಯವರ ನೆರವನ್ನು ಸ್ವೀಕರಿಸಬೇಕು. ಆಪತ್ತು ಕಳೆದ ಮೇಲೆ ಮೊದಲಿನ ಮಾರ್ಗಕ್ಕೆ ಏರಬೇಕು. ಈ ಕ್ರಮದಲ್ಲಿ ನಡೆದವನು ತಾನು ಕಡಿಮೆ ಮಾಡಿದೆನೆಂದು ಕೊರಗಬೇಕಾಗಿಲ್ಲ. ಆಪತ್ಕಾಲದಲ್ಲಿ ಅಷ್ಟೇ ಪೂರ್ಣವೆಂದು, ಅದಕ್ಕಿಂತ ಹೆಚ್ಚನ್ನು ಕೇಳುವ ಅಧಿಕಾರವಿದ್ದವರೇ ನಿರ್ಣಯಿಸಿಹೋಗಿರುವರು. ನಾಳೆಯ ಬೆಳಿಗ್ಗೆ ಸಂಕಲ್ಪದಲ್ಲಿ 'ಯಥಾಶಕ್ತಿ' ಎಂಬ ಮಾತು ಬಾಯಿಗೆ ಬಂದಾಗ, ಅದು ದೇವರಿಗೆ ಹೇಳುವ ಮಾತಾದಷ್ಟೇ ತನಗೆ ತಾನು ಹೇಳಿಕೊಳ್ಳುವ ಮಾತೂ ಆಗಿದೆಯೆಂದು ಮನೆಯವರೆಲ್ಲರೂ ತಿಳಿಯುವುದು ಒಳ್ಳೆಯದು.